ಬೆಣ್ಣೆ ಚಾವಡಿಯ ದನದ ಲೆಕ್ಕ

ಹಂಪಿಯ ಮಹಾನವಮಿ ದಿಬ್ಬವನ್ನು ನೋಡಿದವರು ಅದರ ಗೋಡೆಗಳ ಮೇಲಿನ ಆನೆ, ಕುದುರೆ, ಒಂಟೆಗಳ ಸಾಲನ್ನು ಮರೆಯಲಾರರು. ಕುದುರೆಗಳು ಸಮುದ್ರದಾಚೆಯಿಂದ ಬರುತ್ತಿದ್ದವು. ಅವಕ್ಕಾಗಿ ಅರಸರು ಅಪಾರ ಹಣ ಸುರಿಯುತ್ತಿದ್ದರು. ಆದರೆ ಹೇರು ಹೊತ್ತದ್ದು ಇಲ್ಲಿಯದೇ ಎತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಭಟ್ಕಳದ ದಾರಿಯ ಹೇರೆತ್ತುಗಳ ವಿಷಯ ಬರೆದಿದ್ದಾನೆ.

ಹೊಸಪೇಟೆ, ಕಂಪ್ಲಿಗಳ ಬಯಲು ವಿಜಯನಗರ ಕಾಲದ ಕಾಲುವೆಗಳ ನೀರುಂಡ ಗದ್ದೆಯ ಸೀಮೆ. ದೂರ ನಡೆಯುವ ಎತ್ತಿನ ತಳಿ ಬೆಳೆಯಲು ಬೇಕಾದದ್ದು ಒಣ ಹುಲ್ಲುಗಾವಲು. ಸಂಡೂರಿನ ಗುಡ್ಡಗಳನ್ನು ದಾಟಿ ಕೂಡ್ಲಿಗಿ, ಚಳ್ಳಕೆರೆ, ಚಿತ್ರದುರ್ಗಗಳ ಕಡೆ ನಡೆದರೆ ಅಂಥ ನೆಲ ಸಿಗುತ್ತದೆ. ಅಲ್ಲಿನ ಮ್ಯಾಸನಾಯಕರು ಇಂದಿಗೂ 'ದೇವರ ಎತ್ತು'ಗಳ ಹಿಂಡು ಸಾಕುತ್ತಾರೆ. ಕಾಯುವವನು ಕಿಲಾರಿ. ಇವು ಮಾರಾಟದ ದನಗಳಲ್ಲ.

ಮಾರುವ, ಉಳಿಸಿಕೊಳ್ಳುವ ಲೆಕ್ಕ ಬರವಣಿಗೆಯಲ್ಲಿ ಬೆಳೆದದ್ದು ಮೈಸೂರಿನಲ್ಲಿ. 16ನೆಯ ಶತಮಾನದ ಕೊನೆಯ ವೇಳೆಗೆ ವಿಜಯನಗರದ ರಾಜಪ್ರತಿನಿಧಿಯೊಬ್ಬ ಅಲ್ಲಿಂದ ಉತ್ತಮ ದನಗಳನ್ನು ಶ್ರೀರಂಗಪಟ್ಟಣಕ್ಕೆ ತರಿಸಿದನೆಂದೂ ಆ ಹಿಂಡಿಗೆ 'ಕರುಹಟ್ಟಿ' ಎಂಬ ಹೆಸರಿತ್ತೆಂದೂ ಹೇಳುತ್ತಾರೆ. 1610ರಲ್ಲಿ ಶ್ರೀರಂಗಪಟ್ಟಣ ಒಡೆಯರ ಕೈಸೇರಿತು. ಚಿಕ್ಕದೇವರಾಜ ಒಡೆಯರ (1672–1704) ಕಾಲದಲ್ಲಿ ಹಿಂಡುಗಳಿಗೆಂದೇ ಒಂದು ಇಲಾಖೆ ಇತ್ತು. ಅದೇ 'ಬೆಣ್ಣೆ ಚಾವಡಿ'. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ಹೆಸರು ಕೇಳಿದರೆ ಎತ್ತಿನ ನೆನಪೇ ಬಾರದು! ಟಿಪ್ಪು ಇದನ್ನು 'ಅಮೃತಮಹಲ್' ಎಂದು ಕರೆದ, ಇಲಾಖೆ ನಡೆಯಬೇಕಾದ ರೀತಿಯನ್ನು ಹುಕುಂನಾಮೆಯಾಗಿ ಬರೆಸಿದ. ವರ್ಷಕ್ಕೊಮ್ಮೆ ಹಿಂಡುಗಳ ಎಣಿಕೆ ನಡೆಯುತ್ತಿತ್ತು. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳಿದ್ದವು.

ಇದರ ಫಲ ಯುದ್ಧಭೂಮಿಯಲ್ಲಿ ಕಂಡಿತು. 1781ರಲ್ಲಿ ಹೈದರಾಲಿಯ ಸೈನ್ಯ ಚಿದಂಬರದ ರಕ್ಷಣೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ, ಅಂದರೆ ಸುಮಾರು 160 ಕಿ.ಮೀ. ನಡೆಯಿತು. ಫಿರಂಗಿಗಳನ್ನು ಆ ವೇಗದಲ್ಲಿ ಎಳೆದವು ಈ ಎತ್ತುಗಳು.

ಹಿಂಡಿನೊಳಗೆ ಹೋರಿಗಳು ಸ್ವಚ್ಛಂದವಾಗಿ ತಿರುಗುವಾಗ ಯಾವ ಕರು ಯಾವ ಹೋರಿಯದು ಎಂದು ಹೇಳುವುದು ಕಷ್ಟ. ತಾಯಿಯೇನೋ ಗೊತ್ತು, ತಂದೆ ಗೊತ್ತಿಲ್ಲ. ಒಂದೇ ಹೋರಿಯನ್ನು ಬಹುಕಾಲ ಒಂದೇ ಹಿಂಡಿನಲ್ಲಿ ಬಿಟ್ಟರೆ ಅದು ತನ್ನ ಮಗಳನ್ನೇ ಕೂಡುತ್ತದೆ; ಅಡಗಿದ ದೋಷಗಳು ಮರಿಗಳಲ್ಲಿ ಕಾಣಿಸಿಕೊಳ್ಳುತ್ತವೆ, ಗರ್ಭಕಟ್ಟುವುದೂ ಕಡಿಮೆಯಾಗುತ್ತದೆ. ಆದ್ದರಿಂದ ಹೋರಿಯ ಹೆಸರು ಸಿಗದ ಕಡೆ ಹಿಂಡಿನ ಹೆಸರೇ ವಂಶಾವಳಿಯ ಆಧಾರ. ಇದು ಯಾವ ಹಿಂಡಿನ ಹಸು, ಈ ಹೋರಿ ಯಾವ ಹಿಂಡಿನಿಂದ ಬಂದದ್ದು ಎಂಬಷ್ಟು ತಿಳಿದರೂ ತಳಿ ಉಳಿಯುತ್ತದೆ. ಅಮೃತಮಹಲ್‌ನ ಮೂಲಹಿಂಡಿನಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಗಳನ್ನು ಗುರುತಿಸುತ್ತಿದ್ದುದು ಗಮನಾರ್ಹ.

ಲೆಕ್ಕದ ಇನ್ನೊಂದು ಮುಖ ವಯಸ್ಸು. ಈ ತಳಿಯ ಎತ್ತಿಗೆ ಪೂರ್ಣ ಬಲ ಬರುವುದು ಏಳನೆಯ ವರ್ಷಕ್ಕೆ. ಹನ್ನೆರಡರವರೆಗೆ ಅದು ಕುಗ್ಗದು. ಇಂದು ಹುಟ್ಟಿದ ಕರು ಬಂಡಿಗೆ ಪೂರ್ತಿ ಒದಗುವುದು ಏಳು ವರ್ಷದ ಮೇಲೆ ಎಂದಾದರೆ, ಹಿಂಡನ್ನು ಕಳೆದುಕೊಂಡವರು ಅಷ್ಟು ಕಾಲ ಕಾಯಲೇಬೇಕು.

1799ರ ನಂತರ ಹಿಂಡುಗಳು ಸೊರಗಿದವು. 1813ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಕ್ಯಾಪ್ಟನ್ ಹಾರ್ವೆಗೆ ಅವುಗಳ ಹೊಣೆ ಬಂತು. ಹುಕುಂನಾಮೆಯ ಹಲವು ನಿಯಮಗಳನ್ನು ಬ್ರಿಟಿಷರೂ ಪಾಲಿಸಿದರು. ಆದರೆ 1860ರಲ್ಲಿ ಖರ್ಚು ಉಳಿಸಲೆಂದು ಇಲಾಖೆಯನ್ನೇ ಮುಚ್ಚಿ ಹಿಂಡನ್ನು ಮಾರಿಬಿಟ್ಟರು. ಕಚೇರಿಯ ಮಟ್ಟಿಗೆ ಇದು ಲಾಭದ ಮಾರಾಟವೇ ಇದ್ದೀತು! ಮಾರಿದ್ದು ಕೇವಲ ಎತ್ತುಗಳನ್ನಲ್ಲ, ಹಡೆಯುವ ಹಸುಗಳನ್ನೂ ಬೀಜದ ಹೋರಿಗಳನ್ನೂ. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಾಯಿತು. 1866ರಲ್ಲಿ ಮತ್ತೆ ಹಿಂಡು ಕಟ್ಟಲು ಹೊರಟಾಗ, ಮೈಸೂರು ಮಹಾರಾಜರ ಬಳಿ ಒಳ್ಳೆಯ ಹಿಂಡುಗಳು ಇದ್ದುದರಿಂದ ಕೆಲಸ ಸಾಧ್ಯವಾಯಿತು. 1882ರಲ್ಲಿ ಮೈಸೂರು ಸರಕಾರ ಹಿಂಡನ್ನು ಕೊಂಡುಕೊಂಡಿತು.

ಇಂದು ಅಮೃತಮಹಲ್ ತಳಿ ಸಂವರ್ಧನೆಯ ಮುಖ್ಯ ಕೇಂದ್ರ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿದೆ. ಬೀರೂರಿನಲ್ಲಿ ನಡೆಯುವ ಹರಾಜಿನಲ್ಲಿ ರೈತರಿಗೆ ಸಿಗುವುದು ಹೋರಿಕರುಗಳು. ಹೆಣ್ಣುಕರುಗಳು ಹಿಂಡಿನಲ್ಲೇ ಉಳಿಯುತ್ತವೆ. ಈಗ ದೇಶದಾದ್ಯಂತ ದನಗಳ ಕಿವಿಗೆ 12 ಅಂಕಿಯ ಓಲೆ ಹಾಕಲಾಗುತ್ತಿದೆ. ಒಡೆಯ ಯಾರು, ಯಾವ ಲಸಿಕೆ ಬಿದ್ದಿದೆ ಎಂಬುದು ಆ ಸಂಖ್ಯೆಯಿಂದ ತಿಳಿಯುತ್ತದೆ. ಕಾವಲಿನಲ್ಲಿ ಹುಟ್ಟಿದ ಕರುವಿನ ತಂದೆ ಯಾರೆಂದು ಓಲೆ ಹೇಳದು; ಅದಕ್ಕೆ ಡಿಎನ್‌ಎ ಪರೀಕ್ಷೆ ಬೇಕು, ಇಲ್ಲವೇ ಯಾವ ಹೋರಿಯನ್ನು ಯಾವ ಹಿಂಡಿಗೆ ಎಂದು ಬಿಟ್ಟೆವೆಂದು ಯಾರಾದರೂ ಬರೆದಿಟ್ಟಿರಬೇಕು.