ಕೆಟ್ಟ ರಿವ್ಯೂ ಇರುವ ಕಂಪನಿಗೆ ಇಂಟರ್ವ್ಯೂಗೆ ಹೋಗಬಹುದೇ? ಹೋಗುವ ಮೊದಲು ಏನೇನು ನೋಡಬೇಕು?

ಪೀಣ್ಯದ ಒಂದು ಕಂಪನಿಯಿಂದ ನಿಮಗೆ ಇಂಟರ್ವ್ಯೂಗೆ ಕರೆ ಬಂದಿದೆ ಎಂದಿಟ್ಟುಕೊಳ್ಳಿ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಅಲ್ಲಿರಬೇಕು. ರಾತ್ರಿ ಹೆಸರು ಹುಡುಕಿದರೆ 2.3 ಸ್ಟಾರ್. 'ಸಂಬಳ ಸರಿಯಾಗಿ ಕೊಡಲ್ಲ', 'ಟೈಮ್ ವೇಸ್ಟ್, ಹೋಗಬೇಡಿ' ಎಂಬ ರಿವ್ಯೂಗಳು. ಅಷ್ಟರಲ್ಲಿ ಅದೇ ರಿವ್ಯೂಗಳ ಸ್ಕ್ರೀನ್‌ಶಾಟ್ 'ಎಲ್ಲ ಗ್ರೂಪ್‌ಗೂ ಕಳಿಸಿ' ಎಂಬ ಒಕ್ಕಣೆಯೊಂದಿಗೆ ವಾಟ್ಸಾಪ್‌ಗೂ ಬರುತ್ತದೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ಕೆಲಸ ಹುಡುಕುವ ಅನೇಕರಿಗೆ ಇದು ಹೊಸದಲ್ಲ. ಮನೆ ಬಾಡಿಗೆ, ಎಜುಕೇಶನ್ ಲೋನ್ ಕಂತು ತಲೆಯ ಮೇಲಿರುವಾಗ ಬಂದ ಕರೆಯನ್ನು ಬಿಡುವುದು ಕಷ್ಟ. ಸೇರಿ ಎರಡು ತಿಂಗಳ ಸಂಬಳ ಸಿಗದಿದ್ದರೆ ಅದು ಇನ್ನೂ ದೊಡ್ಡ ಪೆಟ್ಟು.

ಚುಟುಕಾಗಿ ಹೇಳುವುದಾದರೆ

ಸ್ಟಾರ್ ನೋಡಿ ನಿರ್ಧರಿಸಬೇಡಿ, ದೂರು ಏನೆಂದು ನೋಡಿ. ಸಂಬಳ, ಪಿಎಫ್, ಸರ್ಟಿಫಿಕೇಟ್ ಬಗ್ಗೆ ಒಂದೇ ರೀತಿಯ ದೂರು ಪದೇ ಪದೇ ಇದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಂಡು ಪರಿಶೀಲಿಸಿ. ಹಣ ಕೇಳಿದರೆ ಹೋಗಲೇಬೇಡಿ. ಉಳಿದ ಸಂದರ್ಭಗಳಲ್ಲಿ ಇಂಟರ್ವ್ಯೂಗೆ ಹೋಗಿ ಬಂದರೆ ಅರ್ಧ ದಿನ ಮತ್ತು ಬಸ್ ಚಾರ್ಜ್ ಬಿಟ್ಟರೆ ಕಳೆದುಕೊಳ್ಳುವುದು ಹೆಚ್ಚಿಲ್ಲ. ಇಂಟರ್ವ್ಯೂಗೆ ಹೋದ ಮಾತ್ರಕ್ಕೆ ಕೆಲಸಕ್ಕೆ ಸೇರಬೇಕೆಂದಿಲ್ಲ.

ಸ್ಟಾರ್‌ಗಳನ್ನು ಎಷ್ಟು ನಂಬಬಹುದು?

ಕೆಲಸ ಸುಮಾರಾಗಿ ನಡೆಯುತ್ತಿದ್ದರೆ ಯಾರೂ ಕೂತು ರಿವ್ಯೂ ಬರೆಯುವುದಿಲ್ಲ. ತುಂಬಾ ಸಿಟ್ಟು ಬಂದವರು ಅಥವಾ ತುಂಬಾ ಖುಷಿಯಾದವರು ಬರೆಯುವುದೇ ಹೆಚ್ಚು. ಗ್ಲಾಸ್‌ಡೋರ್ ದತ್ತಾಂಶ ಆಧರಿಸಿ ಅರ್ಥಶಾಸ್ತ್ರಜ್ಞೆ ಇಯೋನಾ ಮರಿನೆಸ್ಕು ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿದೆ. ತಾವಾಗಿಯೇ ಬರೆದವರ ರಿವ್ಯೂಗಳು ಎರಡು ತುದಿಗಳಿಗೆ ವಾಲಿದ್ದವು. ಬರೆಯಲು ಏನಾದರೂ ಉತ್ತೇಜನ ಸಿಕ್ಕಾಗ ನಡುವಿನ ಅಭಿಪ್ರಾಯಗಳು ಹೆಚ್ಚಾದವು.

ಒಳ್ಳೆಯ ರಿವ್ಯೂ ಎಂದರೂ ಪೂರ್ತಿ ನಂಬುವಂತಿಲ್ಲ. 2019ರಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಗ್ಲಾಸ್‌ಡೋರ್‌ನ ಲಕ್ಷಾಂತರ ರಿವ್ಯೂಗಳನ್ನು ಪರಿಶೀಲಿಸಿತು. 400ಕ್ಕೂ ಹೆಚ್ಚು ಕಂಪನಿಗಳಿಗೆ ಯಾವುದೋ ಒಂದು ತಿಂಗಳಲ್ಲಿ ರಿವ್ಯೂಗಳು ಅಸಹಜವಾಗಿ ಏರಿದ್ದವು. ಅವುಗಳಲ್ಲಿ 5 ಸ್ಟಾರ್‌ಗಳದ್ದೇ ದೊಡ್ಡ ಪಾಲು. ಹಾಗಾಗಿ ಒಂದೇ ವಾರದಲ್ಲಿ ಬಂದ, ಒಂದೇ ಧಾಟಿಯ ಹೊಗಳಿಕೆ ಕಂಡರೆ ಅದನ್ನೂ ಅನುಮಾನದಿಂದಲೇ ನೋಡಿ.

ಹಾಗಾದರೆ ಯಾವ ದೂರಿಗೆ ಬೆಲೆ ಕೊಡಬೇಕು?

'ಮ್ಯಾನೇಜರ್ ಸರಿಯಿಲ್ಲ', 'ಕ್ಯಾಂಟೀನ್ ಊಟ ಚೆನ್ನಾಗಿಲ್ಲ' ಎಂಬುದು ಒಬ್ಬೊಬ್ಬರ ಅನುಭವ. 'ಸಂಬಳ 20ನೇ ತಾರೀಖು ದಾಟುತ್ತದೆ', 'ಪಿಎಫ್ ಹಿಡಿಯುತ್ತಾರೆ, ಕಟ್ಟುವುದಿಲ್ಲ', 'ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತಾರೆ' ಎಂಬುದು ಬೇರೆ ಥರದ ದೂರು. ಇದನ್ನು ಪರಿಶೀಲಿಸಬಹುದು. ಬೇರೆ ಬೇರೆ ತಿಂಗಳುಗಳಲ್ಲಿ, ಬೇರೆ ಬೇರೆಯವರು ಇದನ್ನೇ ಬರೆದಿದ್ದರೆ ತಳ್ಳಿಹಾಕಬೇಡಿ.

ಸಂಬಳದ ದೂರು ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನ್‌ನ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ದೊಡ್ಡ ಗಲಾಟೆ ನಡೆಯಿತು. ಸಂಬಳ ತಡವಾಗಿದೆ, ಹೇಳಿದ್ದಕ್ಕಿಂತ ಕಡಿಮೆ ಬಂದಿದೆ ಎಂಬುದು ಕಾರ್ಮಿಕರ ದೂರಾಗಿತ್ತು. ಅವರಲ್ಲಿ ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದವರು. ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾಗಿದ್ದು ನಿಜ ಎಂದು ಆ್ಯಪಲ್ ಕಂಪನಿಯ ಪರಿಶೀಲನೆಯಲ್ಲಿ ಕಂಡುಬಂತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ಹುದ್ದೆಯಿಂದ ತೆಗೆಯಿತು.

ಇದರಿಂದ ತಿಳಿಯಬೇಕಾದ್ದು ಎರಡು. ಮೊದಲನೆಯದು, ಹೆಸರು ಎಷ್ಟೇ ದೊಡ್ಡದಿರಲಿ, ನಿಮಗೆ ಸಂಬಳ ಹಾಕುವವರು ಯಾರು ಎಂದು ಕೇಳಿ. ಗೇಟಿನ ಮೇಲಿರುವುದು ಒಂದು ಹೆಸರು, ಪೇ ಸ್ಲಿಪ್ ಮೇಲಿರುವುದು ಇನ್ನೊಂದು ಹೆಸರು ಆಗಿರಬಹುದು. ಎರಡನೆಯದು, ರಿವ್ಯೂ ಯಾವ ವರ್ಷದ್ದು ಎಂದು ನೋಡಿ. ನರಸಾಪುರದ ಆ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಕೈಗೆ ಬಂತು. 2020ರ ದೂರು ಓದಿ ಇವತ್ತಿನ ಆಡಳಿತವನ್ನು ಅಳೆಯಲಾಗದು.

ಮನೆಯಲ್ಲೇ ಕೂತು ಮಾಡಬಹುದಾದ ಪರೀಕ್ಷೆ

ಇಪಿಎಫ್‌ಒ ವೆಬ್‌ಸೈಟ್‌ನಲ್ಲಿ ಸಂಸ್ಥೆಗಳನ್ನು ಹುಡುಕುವ ಪುಟವಿದೆ. ಅದಕ್ಕೆ ಲಾಗಿನ್ ಬೇಡ. ಕಂಪನಿಯ ಹೆಸರು ಹಾಕಿದರೆ ಯಾವ ತಿಂಗಳು ಪಿಎಫ್ ಕಟ್ಟಿದ್ದಾರೆ, ಎಷ್ಟು ಉದ್ಯೋಗಿಗಳಿಗೆ ಕಟ್ಟಿದ್ದಾರೆ ಎಂಬುದು ಸಿಗುತ್ತದೆ. ಪ್ರತಿ ತಿಂಗಳು ಕಟ್ಟುತ್ತಿದ್ದರೆ ಒಳ್ಳೆಯ ಲಕ್ಷಣ. '500 ಜನ ಇದ್ದೇವೆ' ಎನ್ನುವ ಕಂಪನಿ 12 ಜನರಿಗೆ ಮಾತ್ರ ಕಟ್ಟುತ್ತಿದ್ದರೆ ಕಾರಣ ಕೇಳಬೇಕು. ಆದರೆ ಪಿಎಫ್ ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಕಡ್ಡಾಯ. ಚಿಕ್ಕ ಆಫೀಸಿನ ಹೆಸರು ಅಲ್ಲಿಲ್ಲ ಎಂದ ಕೂಡಲೇ ಅದು ಮೋಸ ಎನ್ನುವಂತಿಲ್ಲ. ಗುತ್ತಿಗೆ ನೌಕರರ ಲೆಕ್ಕ ಗುತ್ತಿಗೆದಾರರ ಹೆಸರಿನಲ್ಲಿರುತ್ತದೆ. ಬೋರ್ಡಿನ ಮೇಲಿನ ಹೆಸರೂ ನೋಂದಣಿಯಾದ ಹೆಸರೂ ಬೇರೆಯಾಗಿರಬಹುದು. ಆದ್ದರಿಂದ ಇಂಟರ್ವ್ಯೂ ಇಮೇಲ್‌ನಲ್ಲಿರುವ ಪೂರ್ತಿ ಹೆಸರನ್ನೇ ಹಾಕಿ ಹುಡುಕಿ.

ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್‌ನಲ್ಲಿ ನೋಂದಣಿಯಾದ ವರ್ಷ, ವಿಳಾಸ, ಕಂಪನಿ ಈಗ ಚಾಲ್ತಿಯಲ್ಲಿದೆಯೇ ಎಂಬುದು ಸಿಗುತ್ತದೆ.

ಇನ್ನೊಂದು ಹಳೆಯ ದಾರಿ ಇದೆ. ಪೀಣ್ಯ, ರಾಜಾಜಿನಗರ ಕೈಗಾರಿಕಾ ಪ್ರದೇಶ, ಮೈಸೂರು ರಸ್ತೆ ಇವೆಲ್ಲ ನಮಗೆ ಹತ್ತಿರವೇ. ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಎದುರಿನ ಟೀ ಅಂಗಡಿಯಲ್ಲಿ ನಿಂತು, 'ಅಣ್ಣಾ, ಸಂಬಳ ಎಷ್ಟನೇ ತಾರೀಖಿಗೆ ಆಗುತ್ತೆ?' ಎಂದು ಇಬ್ಬರನ್ನು ಕೇಳಿ ನೋಡಿ. ಇಪ್ಪತ್ತು ರಿವ್ಯೂ ಓದಿದರೂ ತಿಳಿಯದ್ದು ಅಲ್ಲಿ ತಿಳಿಯಬಹುದು.

ಇಂಟರ್ವ್ಯೂನಲ್ಲಿ ಏನು ಕೇಳಬೇಕು?

'ನಿಮ್ಮ ಕಂಪನಿಗೆ ಕೆಟ್ಟ ರಿವ್ಯೂ ಯಾಕಿದೆ?' ಎಂದು ನೇರವಾಗಿ ಕೇಳಿದರೆ ಮಾತು ಕೆಡಬಹುದು. ರಿವ್ಯೂನಲ್ಲಿರುವ ದೂರನ್ನೇ ಸಾಮಾನ್ಯ ಪ್ರಶ್ನೆಯಾಗಿ ಕೇಳಿ.

• ಸಂಬಳ ಯಾವ ತಾರೀಖಿಗೆ ಆಗುತ್ತದೆ? ನವೆಂಬರ್ 21, 2025ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು.
• ಪಿಎಫ್, ಇಎಸ್‌ಐ ಇದೆಯೇ? ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಉದ್ಯೋಗಿಯ ಪಾಲು ಶೇ 0.75, ಕಂಪನಿಯ ಪಾಲು ಶೇ 3.25. ಕಂಪನಿ ನೋಂದಾಯಿಸದಿದ್ದರೆ ಅಪ್ಪ ಅಮ್ಮನಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಸಿಗಬಹುದಾದ ಚಿಕಿತ್ಸೆಯೂ ತಪ್ಪುತ್ತದೆ.
• ಈ ಜಾಗದಲ್ಲಿ ಮೊದಲು ಇದ್ದವರು ಎಷ್ಟು ಕಾಲ ಇದ್ದರು?
• ಬಾಂಡ್ ಇದೆಯೇ? ನೋಟಿಸ್ ಪೀರಿಯಡ್ ಎಷ್ಟು?

ನೇರ ಉತ್ತರ ಬಂದರೆ ಸಮಾಧಾನ. 'ಮೊದಲು ಸೇರಿಕೊಳ್ಳಿ, ಆಮೇಲೆ ನೋಡೋಣ' ಎಂದರೆ ಎಚ್ಚರ. ಯಾವ ಉತ್ತರವೇ ಆಗಲಿ, ಆಫರ್ ಲೆಟರ್‌ನಲ್ಲಿ ಬರವಣಿಗೆಯಲ್ಲಿ ಇರುವುದೇ ಲೆಕ್ಕಕ್ಕೆ.

'ಬಾಂಡ್‌ಗೆ ಕಾನೂನಿನಲ್ಲಿ ಬೆಲೆ ಇಲ್ಲ' ಎಂಬುದು ನಿಜವೇ?

ಪೂರ್ತಿ ನಿಜವಲ್ಲ. ವಿಜಯಾ ಬ್ಯಾಂಕ್‌ನ ಪ್ರಕರಣವೊಂದರಲ್ಲಿ ಮೂರು ವರ್ಷದೊಳಗೆ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತಿತ್ತು. ಅವಧಿಗೆ ಮೊದಲೇ ಬಿಟ್ಟ ಅಧಿಕಾರಿಗೆ ಕರ್ನಾಟಕ ಹೈಕೋರ್ಟ್‌ನಲ್ಲಿ ಜಯ ಸಿಕ್ಕಿತ್ತು. ಆದರೆ ಮೇ 2025ರಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕಿನ ನೇಮಕಾತಿಗೆ ತಗಲುವ ಖರ್ಚು, ಆ ಅಧಿಕಾರಿಯ ಹುದ್ದೆ ಮತ್ತು ಸಂಬಳವನ್ನೂ ಕೋರ್ಟ್ ಪರಿಗಣಿಸಿತು. ಹಾಗೆಂದು ಎಲ್ಲ ಬಾಂಡ್‌ಗಳೂ ಊರ್ಜಿತ ಎಂದಲ್ಲ. ಷರತ್ತು ನ್ಯಾಯವಾಗಿದೆಯೇ ಎಂಬುದು ಆಯಾ ಪ್ರಕರಣಕ್ಕೆ ಬಿಟ್ಟದ್ದು. ಫಾರ್ವರ್ಡ್ ನಂಬಿ, ಓದದೆ ಸಹಿ ಹಾಕಬೇಡಿ.

ಯಾವಾಗ ಹೋಗಲೇಬಾರದು?

• ರಿಜಿಸ್ಟ್ರೇಷನ್, ಟ್ರೈನಿಂಗ್, ಯೂನಿಫಾರ್ಮ್, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ಮೊದಲೇ ಹಣ ಕೇಳಿದರೆ.
• ಇಂಟರ್ವ್ಯೂ ಇಲ್ಲದೆಯೇ ಆಫರ್ ಲೆಟರ್ ಕಳಿಸಿದರೆ.
• ಒಟಿಪಿ ಅಥವಾ ಬ್ಯಾಂಕ್ ಪಾಸ್‌ವರ್ಡ್ ಕೇಳಿದರೆ.

ಒರಿಜಿನಲ್ ಸರ್ಟಿಫಿಕೇಟ್‌ಗಳನ್ನು ತೋರಿಸಿ, ವಾಪಸ್ ತನ್ನಿ. ಬಿಟ್ಟು ಬರಬೇಡಿ. ಹಣ ಈಗಾಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಇದು ಆನ್‌ಲೈನ್ ಹಣ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಸೇರಿದ ಮೇಲೆ ಸಂಬಳ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಅದರ ಕೇಂದ್ರ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ.

ಫಾರ್ವರ್ಡ್ ಮಾಡುವ ಮೊದಲು

'ಈ ಕಂಪನಿಗೆ ಹೋಗಬೇಡಿ' ಎಂಬ ಸಂದೇಶ ನಿಮಗೂ ಬಂದರೆ, ಅದರಲ್ಲಿ ಯಾವ ವರ್ಷದ, ಯಾವ ದೂರು ಇದೆ ಎಂದು ನೋಡಿ. ಅದಿಲ್ಲದ ಸ್ಕ್ರೀನ್‌ಶಾಟ್ ಕೆಲಸ ಹುಡುಕುವವರಿಗೆ ಭಯ ಹುಟ್ಟಿಸುತ್ತದೆಯೇ ಹೊರತು ದಾರಿ ತೋರಿಸುವುದಿಲ್ಲ. ಗ್ರೂಪ್‌ನಲ್ಲಿ ಯಾರಾದರೂ ನಾಳೆ ಇಂಟರ್ವ್ಯೂಗೆ ಹೊರಟಿದ್ದರೆ, ಮೇಲಿನ ನಾಲ್ಕು ಪ್ರಶ್ನೆಗಳನ್ನು ಅವರಿಗೆ ಕಳಿಸಿ. ಅದರಿಂದ ಅವರಿಗೆ ಹೆಚ್ಚು ಉಪಯೋಗ.