ಆಯಾಗಳಿಗೆ ತಡವಾಗಿ ಬಂದ ಸರ್ಟಿಫಿಕೇಟು: ಚಿಕ್ಕಬಳ್ಳಾಪುರ ಸೀಮೆಯಿಂದ ಒಂದು ನೋಟ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವವಳಿಗೆ ಎರಡು ಹೆಸರು. ಕನ್ನಡದವರಿಗೆ ಸೂಲಗಿತ್ತಿ, ತೆಲುಗು ಮನೆಮಾತಿನವರಿಗೆ ಮಂತ್ರಸಾನಿ. ಎರಡೂ ಊರು ಕೊಟ್ಟ ಹೆಸರುಗಳು. ಆಸ್ಪತ್ರೆಯೊಡನೆ ಬಂದ ನರ್ಸಮ್ಮ, ಕಾಂಪೌಂಡರ್, ಆಯಾ, ವಾರ್ಡ್ ಬಾಯ್, ಲ್ಯಾಬ್ ಟೆಕ್ನಿಷಿಯನ್ ಇವರಲ್ಲಿ ಯಾರ ಕೆಲಸಕ್ಕೆ ಕಲಿಕೆ ಬೇಕು, ಯಾರ ಕಲಿಕೆಗೆ ಕಾಗದ ಬೇಕು ಎಂಬುದನ್ನು ಮಾತ್ರ ಸರ್ಕಾರವೇ ತೀರ್ಮಾನಿಸುತ್ತ ಬಂತು. ಆ ತೀರ್ಮಾನಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ, ರೋಗಿಯ ಮೈಯನ್ನು ದಿನವೂ ಮುಟ್ಟುವವರ ಸರದಿ ಎಲ್ಲರಿಗಿಂತ ಕೊನೆಗೆ ಬಂದದ್ದು ಎದ್ದು ಕಾಣುತ್ತದೆ.

ಮೊದಲ ಕಾಗದಗಳು ಬಂದದ್ದು ಮಿಷನ್ ಆಸ್ಪತ್ರೆಗಳ ಮೂಲಕ. ಚಿಕ್ಕಬಳ್ಳಾಪುರದಲ್ಲಿ ಇಂದು ಸಿ.ಎಸ್.ಐ. ಆಸ್ಪತ್ರೆ ಎಂದು ಕರೆಯುವ ಸಂಸ್ಥೆಯನ್ನು 20ನೆಯ ಶತಮಾನದ ಆರಂಭದಲ್ಲಿ ಲಂಡನ್ ಮಿಷನ್ ಕಟ್ಟಿತು. ದಕ್ಷಿಣ ಭಾರತದ ಮಿಷನ್ ಆಸ್ಪತ್ರೆಗಳು ತಾವೇ ಒಂದು ಮಂಡಳಿ ಮಾಡಿಕೊಂಡು ದಾದಿಯರಿಗೆ ಪರೀಕ್ಷೆ ನಡೆಸುತ್ತಿದ್ದವು. ಕಾನೂನು ಆಮೇಲೆ ಬಂತು, ಅದೂ ಪಕ್ಕದ ಪ್ರಾಂತ್ಯದಲ್ಲಿ. 1926ರ ಮದರಾಸು ದಾದಿಯರ ಮತ್ತು ಸೂಲಗಿತ್ತಿಯರ ಕಾಯ್ದೆ ಬಳ್ಳಾರಿಗೆ, ಮಂಗಳೂರಿಗೆ ಅನ್ವಯಿಸಿತು. ಮೈಸೂರು ಸಂಸ್ಥಾನದೊಳಗಿದ್ದ ಚಿಕ್ಕಬಳ್ಳಾಪುರಕ್ಕೆ ಅದು ತಾಗಲಿಲ್ಲ. ಏಕೀಕರಣದ ನಂತರ ಬಂದ 1961ರ ದಾದಿಯರ, ಸೂಲಗಿತ್ತಿಯರ ಮತ್ತು ಆರೋಗ್ಯ ಸಂದರ್ಶಕಿಯರ ಕಾಯ್ದೆಯೇ ರಾಜ್ಯದ ಎಲ್ಲ ಭಾಗಗಳನ್ನೂ ಒಂದು ನೋಂದಣಿಯ ಕೆಳಗೆ ತಂದಿತು.

ನರ್ಸಿಗಿಂತ ಒಂದು ಮೆಟ್ಟಿಲು ಕೆಳಗಿನ ಸಹಾಯಕ ದಾದಿಯ, ಅಂದರೆ ಎ.ಎನ್.ಎಂ.ನ ಶಿಕ್ಷಣ ದೇಶದಲ್ಲಿ 1951ರಲ್ಲಿ ಎರಡು ವರ್ಷದ ಕೋರ್ಸಾಗಿ ಶುರುವಾಯಿತು. 1973ರ ಕರ್ತಾರ್ ಸಿಂಗ್ ಸಮಿತಿ ಅವಳನ್ನು ವಿವಿಧೋದ್ದೇಶ ಕಾರ್ಯಕರ್ತೆಯಾಗಿಸಲು ಹೇಳಿತು. ಮುಂದೆ ಕಲಿಕೆಯ ಅವಧಿ 18 ತಿಂಗಳಿಗೆ ಇಳಿಯಿತು. ಹೆಸರು ‘ಕಿರಿಯ ಮಹಿಳಾ ಆರೋಗ್ಯ ಸಹಾಯಕಿ’ ಎಂದಾಯಿತು. ಇದರಲ್ಲಿ ನನಗೆ ಮುಖ್ಯವಾಗಿ ಕಾಣುವುದು ಒಂದು ನಷ್ಟ. ಚುಚ್ಚುಮದ್ದು, ಕುಟುಂಬ ಯೋಜನೆ, ರಿಜಿಸ್ಟರುಗಳ ಹೊಣೆ ಹೊತ್ತು ಅವಳು ಹಳ್ಳಿಹಳ್ಳಿ ತಿರುಗತೊಡಗಿದಳು. ವಾರ್ಡಿನಲ್ಲಿ ರೋಗಿಯ ಪಕ್ಕ ಇದ್ದ ಜಾಗ ತೆರವಾಯಿತು. ಅಲ್ಲಿ ನಿಂತವಳು ಯಾವ ಕಾಗದವೂ ಇಲ್ಲದ ಆಯಾ.

ಯಂತ್ರ ನಡೆಸುವವರ ಕಥೆ ಬೇರೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಜಿಲ್ಲೆಗಳ ತಂಡಗಳಿಗೆ ತರಬೇತಿ ಕೊಟ್ಟಿತು. ಆ ತಂಡದಲ್ಲಿ ವೈದ್ಯರ ಜೊತೆ ಲ್ಯಾಬ್ ಟೆಕ್ನಿಷಿಯನ್ನನೂ ಎಕ್ಸ್‌ರೇ ಟೆಕ್ನಿಷಿಯನ್ನನೂ ಇರಲೇಬೇಕಿತ್ತು. ಶಿಡ್ಲಘಟ್ಟದಂಥ ಊರಿಗೆ ಇದು ಎಷ್ಟು ಬೇಕಾದದ್ದೆಂದು ಬಿಡಿಸಿ ಹೇಳಬೇಕು. ರೇಷ್ಮೆಗೂಡು ಬೇಯಿಸುವ ಹಬೆಯಲ್ಲಿ ನೂಲು ಬಿಚ್ಚಾಣಿಕೆ ಮಾಡುವವರಿಗೆ ಕೆಮ್ಮು, ಉಬ್ಬಸ ಹೊಸದೇನಲ್ಲ. ಅದು ಕ್ಷಯವೋ ಆಸ್ತಮಾವೋ ಎಂದು ತೀರ್ಮಾನಿಸಲು ಡಾಕ್ಟರಿಗೆ ಕಫದ ಸ್ಲೈಡೂ ಎದೆಯ ಚಿತ್ರವೂ ಬೇಕು. ಸ್ಲೈಡನ್ನು ಅರೆಮನಸ್ಸಿನಲ್ಲಿ ನೋಡಿದರೆ ಒಬ್ಬ ರೋಗಿ ತಿಂಗಳುಗಟ್ಟಲೆ ಬೇಡದ ಮಾತ್ರೆ ನುಂಗಬೇಕಾಗುತ್ತದೆ, ಇಲ್ಲವೇ ಬೇಕಾದ ಮಾತ್ರೆ ಸಿಗದೆ ಮನೆಮಂದಿಗೆಲ್ಲ ರೋಗ ಹಂಚುತ್ತಾನೆ.

ಟೆಕ್ನಿಷಿಯನ್ನರ ಈ ಕಲಿಕೆ ಹಲವು ಕಡೆ ಹರಿದು ಹಂಚಿಹೋಗಿತ್ತು. ಪಿ.ಯು. ಮಟ್ಟದ ಉದ್ಯೋಗಾಧಾರಿತ ಕೋರ್ಸಿನಲ್ಲಿ (ಜೆ.ಒ.ಸಿ.) ಓದಿದವರೂ ಇದ್ದರು, ಲ್ಯಾಬಿನ ಮೂಲೆಯಲ್ಲಿ ನಿಂತು ನೋಡಿ ಕಲಿತವರೂ ಇದ್ದರು. 1990ರ ದಶಕದ ಕೊನೆಯ ಹೊತ್ತಿಗೆ ಅರೆವೈದ್ಯಕೀಯ ಮಂಡಳಿ ರಾಜ್ಯಕ್ಕೆಲ್ಲ ಒಂದೇ ಪರೀಕ್ಷೆ, ಒಂದೇ ಡಿಪ್ಲೊಮಾ ಎಂಬ ವ್ಯವಸ್ಥೆ ತಂದಿತು. ವಿಜ್ಞಾನದಲ್ಲಿ ಪಿ.ಯು.ಸಿ. ಮುಗಿಸಿದವರಿಗೆ 2 ವರ್ಷ, ಎಸ್‌ಎಸ್‌ಎಲ್‌ಸಿ ಆದವರಿಗೆ 3 ವರ್ಷ. ಪ್ರಯೋಗಾಲಯ, ಎಕ್ಸ್‌ರೇ, ಶಸ್ತ್ರಚಿಕಿತ್ಸಾ ಕೊಠಡಿ, ಡಯಾಲಿಸಿಸ್, ಕಣ್ಣಿನ ಪರೀಕ್ಷೆ, ವೈದ್ಯಕೀಯ ದಾಖಲೆ, ಆರೋಗ್ಯ ನಿರೀಕ್ಷಕರ ವೃತ್ತಿ ಎಲ್ಲಕ್ಕೂ ಡಿಪ್ಲೊಮಾ ಬಂತು. ಹತ್ತನೇ ತರಗತಿ ಮುಗಿಸಿದ ರೈತನ ಮಗಳಿಗೂ ಬಾಗಿಲು ತೆರೆದ ಈ ಏರ್ಪಾಡು ದೊಡ್ಡ ಉಪಕಾರ ಎಂದೇ ನನ್ನ ಎಣಿಕೆ. ಆದರೆ ಹಾಸಿಗೆ ಹಿಡಿದವರ ಮಗ್ಗುಲು ಬದಲಿಸಿ, ಬೆನ್ನು ಒರೆಸುವ ಕೆಲಸ ಆ ಪಟ್ಟಿಯಲ್ಲಿ ಇರಲಿಲ್ಲ.

ಅದಕ್ಕೆ ಒಂದು ಹೆಸರು ಸಿಕ್ಕಿದ್ದು ಆರೋಗ್ಯ ಕ್ಷೇತ್ರದ ಕೌಶಲ ಮಂಡಳಿ ಹುಟ್ಟಿದ ಮೇಲೆ: ಜನರಲ್ ಡ್ಯೂಟಿ ಅಸಿಸ್ಟೆಂಟ್. ಕೆಲವೇ ತಿಂಗಳ ತರಬೇತಿ. ಕೋವಿಡ್ ಎರಡನೆಯ ಅಲೆಯ ಬೆನ್ನಿಗೆ, 2021ರ ಜೂನ್ 18ರಂದು ಪ್ರಧಾನಿ ಚಾಲನೆ ಕೊಟ್ಟ ಕಿರು ತರಬೇತಿಯ ಗುರಿ 1 ಲಕ್ಷ ಮಂದಿ. ಅದರ ಆರು ಕೆಲಸಗಳಲ್ಲಿ ಮನೆಯಲ್ಲಿ ಆರೈಕೆ, ಮೂಲ ಆರೈಕೆಗಳೂ ಸೇರಿದ್ದವು. ಅದೇ ವರ್ಷ ಜಾರಿಗೆ ಬಂದ ಸಹ-ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಮಾತ್ರ ಕನಿಷ್ಠ 2,000 ಗಂಟೆಗಳ ಕಲಿಕೆಯನ್ನು ಕೇಳಿತು. ಡಿಪ್ಲೊಮಾದವರು ಆ ಗೆರೆಯ ಒಳಗೆ, ಕಿರು ತರಬೇತಿಯವರು ಹೊರಗೆ. 1947ರ ಭಾರತೀಯ ನರ್ಸಿಂಗ್ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆಯೇನೋ ಬಂತು, ಆದರೆ ಅದು ಮುಖ್ಯವಾಗಿ ದಾದಿಯರದು, ಸೂಲಗಿತ್ತಿಯರದು.

ಚಿಕ್ಕಬಳ್ಳಾಪುರದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ 2023ರ ಮಾರ್ಚ್ 25ರಂದು ಇನ್ನೊಂದು ಉದ್ಘಾಟನೆಯಾಯಿತು. ಹಾಸಿಗೆಗಳು ಹೆಚ್ಚಿದಷ್ಟೂ ಆಯಾಗಳು ಬೇಕು. ಕೇಂದ್ರದ ಕೌಶಲ ಯೋಜನೆಯಲ್ಲಿ, ಮೊದಲೇ ಕಲಿತದ್ದನ್ನು ಪರೀಕ್ಷಿಸಿ ಮಾನ್ಯ ಮಾಡುವ ದಾರಿಯೊಂದು ಇದ್ದೇ ಇದೆ. ಹದಿನೈದು ವರ್ಷ ವಾರ್ಡಿನಲ್ಲಿ ದುಡಿದವಳ ಪರೀಕ್ಷೆಯನ್ನು ಆ ವಾರ್ಡಿನಲ್ಲೇ, ಅವಳಾಡುವ ಕನ್ನಡದಲ್ಲೋ ತೆಲುಗಿನಲ್ಲೋ ನಡೆಸಿ, ಆ ಕಾಗದಕ್ಕೆ ಸಂಬಳದ ಲೆಕ್ಕದಲ್ಲೂ ಬೆಲೆ ಕೊಡುವ ಕೆಲಸವನ್ನು ಜಿಲ್ಲಾಸ್ಪತ್ರೆಯಿಂದಲೇ ಶುರುಮಾಡಬಹುದು.