ಸಂಧಿವೇದನೆಯಲ್ಲಿ ಸಂಗೀತದ ಸ್ಥಾನ

ಕೀಲುಗಳ ನೋವಿಗೆ ಸಂಗೀತವೇ ಔಷಧವೆಂಬ ಮಾತು ಈಚೆಗೆ ಬಹಳವಾಗಿ ಪ್ರಚಾರಕ್ಕೆ ಬಂದಿರುತ್ತದೆ. ಇಂಥ ರಾಗವು ಮೊಳಕಾಲಿನ ವಾತಕ್ಕೆ, ಇಂಥದು ಬೆರಳುಗಳ ಬಾವಿಗೆ ಎಂದು ಪಟ್ಟಿಗಳು ಅಚ್ಚಾಗುತ್ತಿವೆ. ಇದೆಲ್ಲವೂ ನಮ್ಮ ಪ್ರಾಚೀನ ಶಾಸ್ತ್ರಗಳ ಅಭಿಪ್ರಾಯವೆಂದು ಅವುಗಳ ಕೊನೆಯಲ್ಲಿ ಒಂದು ವಾಕ್ಯವಿರುತ್ತದೆ. ಯಾವ ಶಾಸ್ತ್ರ, ಯಾವ ಅಧ್ಯಾಯ ಎಂಬುದು ಮಾತ್ರ ಇರುವುದಿಲ್ಲ. ಇದು ಕೇವಲ ಪಂಡಿತರ ವಾಗ್ವಾದದ ವಿಷಯವಾಗಿದ್ದರೆ ಸುಮ್ಮನಿರಬಹುದಾಗಿತ್ತು. ಆದರೆ ಶಾಸ್ತ್ರದ ಹೆಸರನ್ನು ನಂಬಿ ರೋಗಿಯು ಮದ್ದನ್ನು ಬಿಟ್ಟು ಕುಳಿತರೆ, ಕೀಲಿನೊಳಗಣ ಎಲುಬು ಸವೆಯುವುದು ಅವನಿಗಾಗಿ ಕಾಯುವುದಿಲ್ಲ. ಆದುದರಿಂದ ನೊಂದವನ ಬಳಿಯಲ್ಲಿ ಸಂಗೀತಕ್ಕೆ ನಮ್ಮ ಹಿಂದಿನವರು ಯಾವ ಸ್ಥಾನವನ್ನು ಕೊಟ್ಟಿದ್ದರೆಂಬುದನ್ನು ಗ್ರಂಥಗಳಿಂದಲೂ ಶಾಸನಗಳಿಂದಲೂ ಆದಷ್ಟು ನಿಷ್ಕರ್ಷಿಸುವುದು ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಮ್ಮ ನಾಡಿನಲ್ಲಿ ದೊರೆಯುವ ಅತಿ ಪ್ರಾಚೀನವಾದ ಲಿಖಿತ ಪದವು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಮೊಳಕಾಲ್ಮೂರು ತಾಲ್ಲೂಕಿನ ಈ ಬೆಟ್ಟದ ಬಳಿಯ ಬಂಡೆಯ ಮೇಲೂ, ಸಮೀಪದ ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿಯೂ ಇರುವ ಅಶೋಕನ ಶಾಸನಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. (ಕೀಲುನೋವಿನ ವಿಚಾರವನ್ನು ಮೊಳಕಾಲಿನ ಹೆಸರು ಕೇಳಿಬರುವ ಊರಿನಿಂದಲೇ ಆರಂಭಿಸುವಂತಾದುದು ಕಾಕತಾಳೀಯ, ಇದನ್ನು ನಿರುಕ್ತವೆಂದು ಯಾರೂ ಭಾವಿಸಬಾರದು.) ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಈ ಆಜ್ಞೆಯು ರಾಜಕಾರ್ಯವನ್ನು ಹೇಳುವುದಕ್ಕೆ ಮೊದಲು ಅವರ ಆರೋಗ್ಯವನ್ನು ವಿಚಾರಿಸುತ್ತದೆ. ಮುಂದೆ ಧರ್ಮವನ್ನು ವಿವರಿಸುವಲ್ಲಿ ತಂದೆತಾಯಿಗಳ ವಿಷಯದಲ್ಲಿ ಮಾಡತಕ್ಕುದನ್ನು ‘ಸುಸೂಸಿತವಿಯೇ’ ಎಂಬ ಒಂದೇ ಪ್ರಾಕೃತ ಪದದಿಂದ ಹೇಳಿದೆ. ಇಂಥ ನಡತೆಯು ಪುರಾತನವಾದುದು, ದೀರ್ಘಾಯುಸ್ಸಿಗೆ ಕಾರಣವಾದುದು ಎಂಬ ಅಭಿಪ್ರಾಯವೂ ಅಲ್ಲಿಯೇ ಉಂಟು.

ಈ ಪದದ ಸಂಸ್ಕೃತರೂಪ ‘ಶುಶ್ರೂಷಿತವ್ಯ’. ಶ್ರು ಧಾತುವಿನ ಮೇಲೆ ಸನ್ ಪ್ರತ್ಯಯ ಬಂದು ಆದ ಶುಶ್ರೂಷೆಗೆ ಕೇಳಬೇಕೆಂಬ ಇಚ್ಛೆ ಎಂಬುದು ಮೂಲಾರ್ಥ. ಹಿರಿಯರ ಮಾತನ್ನು ಕೇಳಲಿಚ್ಛಿಸುವವನು ಅವರ ಬಳಿಯಲ್ಲಿಯೇ ಇರುವನು. ಬಳಿಯಲ್ಲಿರುವವನು ಸೇವೆಯನ್ನೂ ಮಾಡುವನು. ಹೀಗೆ ಅರ್ಥವು ವಿಸ್ತರಿಸಿ, ಅಮರಸಿಂಹನ ಕಾಲಕ್ಕೆ ವರಿವಸ್ಯಾ, ಪರಿಚರ್ಯಾ, ಉಪಾಸನಾ ಎಂಬ ಪದಗಳ ಸಾಲಿನಲ್ಲಿ ಶುಶ್ರೂಷೆಯು ನಿಂತಿತು. ಇಂದಿನ ಕನ್ನಡದಲ್ಲಂತೂ ರೋಗಿಯ ಆರೈಕೆಯೆಂಬುದೇ ಅದರ ಮುಖ್ಯಾರ್ಥ. ಶಾಸನದ ಕಾಲದಲ್ಲಿ ಅದಕ್ಕೆ ವಿಧೇಯತೆಯೆಂಬ ಅರ್ಥವೇ ಪ್ರಧಾನವೆಂಬುದನ್ನು ಮರೆಯದೆ, ಆರೈಕೆಯ ಹೆಸರು ಆಲಿಸುವಿಕೆಯಿಂದ ಹುಟ್ಟಿದುದೆಂಬ ಒಂದಂಶವನ್ನು ಮಾತ್ರ ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ಅಶೋಕನ ಮತ್ತೊಂದು ಆಜ್ಞೆಯು, ಇಲ್ಲಿಂದ ಪೂರ್ವಕ್ಕೆ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇರುವಂಥದು, ಮನುಷ್ಯರಿಗೂ ಪಶುಗಳಿಗೂ ಎರಡು ಬಗೆಯ ಚಿಕಿತ್ಸೆಯನ್ನೂ ಮೂಲಿಕೆಗಳ ನೆಡುವಿಕೆಯನ್ನೂ ಹೇಳುತ್ತದೆ. ಅಲ್ಲಿ ಗೀತದ ಮಾತಿಲ್ಲ.

ಇನ್ನು ವೈದ್ಯಗ್ರಂಥಗಳು. ಇಂದು ಒಂದೇ ಹೆಸರಿನಿಂದ ಕರೆಯಲ್ಪಡುವ ಕೀಲುನೋವನ್ನು ಅವು ಬೇರೆ ಬೇರೆಯಾಗಿ ವಿಂಗಡಿಸಿವೆ. ಮುಟ್ಟಿದರೆ ಗಾಳಿ ತುಂಬಿದ ತಿದಿಯಂತಿರುವ ಬಾವು, ಚಾಚುವಾಗ ಮಡಿಸುವಾಗ ನೋವು, ಇವುಗಳಿಂದ ಕೂಡಿದುದನ್ನು ಚರಕನು ಸಂಧಿಗತವಾತವೆಂದನು. ಇದು ಮುಪ್ಪಿನಲ್ಲಿ ಬರುವ ಸವೆತದ ರೋಗಕ್ಕೆ ಸಮೀಪವಾದುದು. ಕೈಕಾಲುಗಳ ಕೀಲುಗಳಲ್ಲಿ ಮೊದಲಾಗಿ ಇಲಿಯ ವಿಷದಂತೆ ಮೈಯನ್ನೆಲ್ಲ ಹಬ್ಬುವ ವಾತರಕ್ತವನ್ನು ಸುಶ್ರುತನು ಹೇಳಿದ್ದಾನೆ. ಚೇಳುಗಳು ಕುಟುಕಿದಂತೆ ನೋಯಿಸುವ ಆಮವಾತವನ್ನು ಪ್ರತ್ಯೇಕವಾದ ರೋಗವಾಗಿ ನಿರೂಪಿಸಿದವನು ಮಾಧವಕರ. ಇಂದಿನವರು ರುಮಟಾಯ್ಡ್ ಎನ್ನುವ ಸಂಧಿವಾತವು ಬಹುಮಟ್ಟಿಗೆ ಇದನ್ನು ಹೋಲುತ್ತದೆ. ಇವುಗಳಿಗೆ ಸ್ನೇಹ, ಸ್ವೇದ, ಬಸ್ತಿ, ಗುಗ್ಗುಲು, ರಾಸ್ನಾ ಮೊದಲಾದುವು ವಿಹಿತವಾಗಿವೆ. ಆಮವಾತವೆಂಬ ಆನೆಗೆ ಹರಳೆಣ್ಣೆಯನ್ನು ಸಿಂಹವನ್ನಾಗಿ ಮಾಡಿದ ವೈದ್ಯರೂ ಉಂಟು. ರಾಗದ ಹೆಸರು ಈ ಸಾಲಿನಲ್ಲಿ ಸೇರಿಲ್ಲ.

ಹಾಗಾದರೆ ಆಯುರ್ವೇದವು ಸಂಗೀತವನ್ನು ತಿಳಿಯದೆ? ತಿಳಿದಿತ್ತು, ಆದರೆ ಅದನ್ನು ಬೇರೊಂದು ಕಡೆ ಇರಿಸಿತು. ಚರಕಸಂಹಿತೆಯ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ, ರಾಜನಿಗಾಗಲಿ ವಿಪುಲವಾದ ದ್ರವ್ಯವುಳ್ಳವನಿಗಾಗಲಿ ಶೋಧನಕರ್ಮವನ್ನು ಮಾಡಿಸುವ ಮೊದಲು ಸಿದ್ಧಪಡಿಸಬೇಕಾದ ಮನೆಯ ವರ್ಣನೆಯಿದೆ. ಅಲ್ಲಿ ಇರಬೇಕಾದವರು ಯಾರು? ಅಡುಗೆಯವರು, ಸ್ನಾನ ಮಾಡಿಸುವವರು, ಮೈಯೊತ್ತುವವರು, ರೋಗಿಯನ್ನು ಎತ್ತಿ ಕೂರಿಸುವವರು, ಮಲಗಿಸುವವರು, ಔಷಧವನ್ನು ಅರೆಯುವವರು. ಇವರೊಡನೆ ಗೀತದಲ್ಲಿ, ವಾದ್ಯದಲ್ಲಿ, ಶ್ಲೋಕ ಗಾಥೆ ಆಖ್ಯಾಯಿಕೆಗಳಲ್ಲಿ, ಇತಿಹಾಸ ಪುರಾಣಗಳಲ್ಲಿ ಕುಶಲರಾದವರು. ಇವರು ರೋಗಿಯ ಇಂಗಿತವನ್ನರಿತವರೂ ದೇಶಕಾಲಜ್ಞರೂ ಆಗಿರಬೇಕೆಂಬ ನಿಯಮವೂ ಇದೆ. ಗಾಯಕನ ಪಕ್ಕದಲ್ಲಿ ನಿಂತಿರುವವನು ಮೈಯೊತ್ತುವವನೇ ಹೊರತು ಕಷಾಯವಲ್ಲವೆಂಬುದನ್ನು ಪಟ್ಟಿಗಳನ್ನು ಅಚ್ಚುಮಾಡುವವರು ಗಮನಿಸಬೇಕು. ಅದೇ ಸಂಹಿತೆಯು ಚಿಕಿತ್ಸೆಗೆ ಭಿಷಕ್, ದ್ರವ್ಯ, ಉಪಸ್ಥಾತೃ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿದೆ. ಅವುಗಳಲ್ಲಿ ಸಂಗೀತಗಾರನು ಉಪಸ್ಥಾತೃವಿನ, ಎಂದರೆ ಪರಿಚಾರಕನ, ಪಾದಕ್ಕೆ ಸೇರಿದವನು, ದ್ರವ್ಯದ ಪಾದಕ್ಕಲ್ಲ. ಪರಿಚಾರಕನ ಗುಣಗಳಲ್ಲಿ ಅನುರಾಗವನ್ನು ಹೇಳಿದೆ, ರಾಗವನ್ನು ಹೇಳಿಲ್ಲ ಎಂದರೆ ಅದು ಬರಿಯ ಶಬ್ದಚಮತ್ಕಾರವಾದೀತು. ಆದರೂ ಮಾತು ಸುಳ್ಳಲ್ಲ.

ಸುಶ್ರುತನ ವಾಕ್ಯವು ಇನ್ನೂ ನಿಷ್ಕೃಷ್ಟವಾದುದು. ವ್ರಣಿತನ ಉಪಚಾರವನ್ನು ಹೇಳುವ ಅಧ್ಯಾಯದಲ್ಲಿ, ಪ್ರಿಯವಾದಿಗಳಾದ ಗೆಳೆಯರು ಬಳಿಯಲ್ಲಿ ಕುಳಿತು ಕಥೆಗಳಿಂದ ಗಾಯದ ನೋವನ್ನು ಏನು ಮಾಡುತ್ತಾರೆಂಬುದಕ್ಕೆ ಅವನು ಬಳಸಿದ ಕ್ರಿಯಾಪದ ‘ವಿಕ್ಷಿಪಂತಿ’. ನಾಶಮಾಡುತ್ತಾರೆ ಎನ್ನಲಿಲ್ಲ, ಶಮನಗೊಳಿಸುತ್ತಾರೆ ಎಂದೂ ಎನ್ನಲಿಲ್ಲ. ಅತ್ತ ಸರಿಸುತ್ತಾರೆ ಎಂದನು. ನೋವು ಇದ್ದಲ್ಲಿಯೇ ಇದೆ. ಮನಸ್ಸು ಮಾತ್ರ ಅದರ ಮೇಲಿಂದ ಜಾರಿದೆ. ಅಲ್ಲಿಯ ಪ್ರಸ್ತಾಪವು ಕಥೆಯದು, ಗೀತದ್ದಲ್ಲ, ಗಾಯದ್ದು, ಕೀಲಿನದಲ್ಲ. ಆದರೂ ಶರೀರದಲ್ಲಿ ೨೧೦ ಸಂಧಿಗಳನ್ನು ಎಣಿಸಿದ ಶಲ್ಯತಂತ್ರಜ್ಞನು ಶ್ರವಣಸುಖದ ಶಕ್ತಿಯನ್ನೂ ಅದರ ಮೇರೆಯನ್ನೂ ಒಂದೇ ಪದದಲ್ಲಿ ಅಳೆದಿರುವನೆಂಬುದು ನಮ್ಮ ಅಭಿಪ್ರಾಯ.

ಕರ್ಣಾಟಕದ ಆಧಾರಗಳಿಗೆ ಬರೋಣ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸವು ಅರಸನಿಗೆ ಬೇಕಾದ ಸಕಲ ವಿಷಯಗಳನ್ನೂ ಐದು ವಿಂಶತಿಗಳಲ್ಲಿ ಅಡಕಗೊಳಿಸಿರುವ ಗ್ರಂಥ. ಅದರಲ್ಲಿ ಗೀತವೂ ವಾದ್ಯವೂ ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ಬರುತ್ತವೆ. ಮುಂದಿನ ಶತಮಾನದ ಸಂಗೀತರತ್ನಾಕರವು ನಮ್ಮ ವಿಚಾರಕ್ಕೆ ಮತ್ತಷ್ಟು ಮುಖ್ಯವಾದುದು. ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಕಾಶ್ಮೀರದಿಂದ ದಕ್ಷಿಣಕ್ಕೆ ಬಂದ ವಂಶದವನು. ರೋಗಾರ್ತರನ್ನು ತಾನು ರಸಾಯನಗಳಿಂದ ಸಂತೈಸಿದುದನ್ನು ಗ್ರಂಥಾರಂಭದಲ್ಲಿ ಹೇಳಿಕೊಂಡಿರುವನು. ಗ್ರಂಥದ ಮೊದಲಲ್ಲಿಯೇ ಪಿಂಡೋತ್ಪತ್ತಿಯೆಂಬ ಪ್ರಕರಣದಲ್ಲಿ ಗರ್ಭದಿಂದ ಮೊದಲುಗೊಂಡು ಅಸ್ಥಿ, ಸಂಧಿ, ಸ್ನಾಯುಗಳವರೆಗೆ ಶರೀರವನ್ನು ವಿವರಿಸಿರುವನು. ವೈದ್ಯವೂ ಗಾಂಧರ್ವವೂ ಒಬ್ಬನಲ್ಲಿಯೇ ಕೂಡಿದ್ದುವು. ಈ ರಾಗವು ಈ ರೋಗಕ್ಕೆ ಎಂದು ಬರೆಯಲು ಅವನಿಗಿಂತ ಅರ್ಹನಾದವನು ಮತ್ತೊಬ್ಬನಿಲ್ಲ. ಆದರೂ ಅವನು ರಾಗಗಳಿಗೆ ಹೇಳಿದುದು ರಸವನ್ನು, ಕಾಲವನ್ನು, ದೇವತೆಯನ್ನು, ವಿನಿಯೋಗವನ್ನು. ಲೋಕದ ತಾಪತ್ರಯವನ್ನು ಹರಿಸುವ ಇಚ್ಛೆಯಿಂದ ಗ್ರಂಥವನ್ನು ರಚಿಸಿದೆನೆಂದವನು ಮೊಳಕಾಲಿಗೆ ರಾಗವನ್ನು ಕಟ್ಟಲಿಲ್ಲ. ರೋಗಿಗೆ ಕೊಟ್ಟುದು ರಸಾಯನ, ಲೋಕಕ್ಕೆ ಕೊಟ್ಟುದು ಸಂಗೀತ. ಎರಡನ್ನೂ ಬಲ್ಲವನು ಎರಡನ್ನೂ ಬೆರಸದೆ ಇಟ್ಟನು.

ತಂಜಾವೂರು ಸೀಮೆಯ ಐತಿಹ್ಯವೊಂದನ್ನು ಇದಕ್ಕೆ ವಿರೋಧವಾಗಿ ಕೆಲವರು ತೋರಿಸುವುದುಂಟು. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯನೊಬ್ಬನ ಹೊಟ್ಟೆನೋವಿಗಾಗಿ ಅಠಾಣ ರಾಗದಲ್ಲಿ ಬೃಹಸ್ಪತಿಯ ಕೃತಿಯನ್ನು ರಚಿಸಿ ಹಾಡಿಸಿದರೆಂಬುದು ಆ ಕಥೆ. ಆದರೆ ಕಥೆಯಲ್ಲಿ ಕೂಡ ನೋವನ್ನು ಕಳೆಯುವವನು ಪ್ರಸನ್ನನಾದ ಗ್ರಹದೇವತೆ; ಅಠಾಣವನ್ನು ಉದರಶೂಲೆಯ ಮದ್ದೆಂದು ಆ ಸಂಪ್ರದಾಯದವರು ಬೇರೆ ರೋಗಿಗಳಿಗೆ ಹಂಚಿದುದಿಲ್ಲ.

ಚರಕನು ವರ್ಣಿಸಿದ ಮನೆ ಧನಿಕನದು. ಬಡವನಿಗೆ ಅಂಥ ಆಸರೆ ಎಲ್ಲಿ ದೊರೆಯುತ್ತಿತ್ತು? ಈ ಪ್ರಶ್ನೆಗೆ ಬಳ್ಳಿಗಾವೆಯ ಕೋಡಿಯಮಠದ ೧೧೬೨ರ ಶಾಸನವು ಉತ್ತರ ಕೊಡುತ್ತದೆ. ಕಳಚುರ್ಯ ಬಿಜ್ಜಳನ ಕಾಲದ, ವಾಮಶಕ್ತಿಪಂಡಿತರ ಆಚಾರ್ಯತ್ವದ ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನು ವಿದ್ವಾಂಸರು ಸಾಮಾನ್ಯವಾಗಿ ಉದಾಹರಿಸುತ್ತಾರೆ. ಅದರ ಮುಂದಿನ ಭಾಗವನ್ನು ಅಷ್ಟಾಗಿ ಓದುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಇವರ ಬೆನ್ನಿಗೇ ಕಥೆ ಹೇಳುವವರು, ಹಾಡುವವರು, ವಾದ್ಯಗಾರರು, ನರ್ತಕರು ಎಂದು ಅನ್ನದಾನಕ್ಕೆ ಪಾತ್ರರಾದವರ ಸಾಲು ಅಲ್ಲಿದೆ. ಅನಾಥರಾದ ರೋಗಿಗಳನ್ನು ಇಟ್ಟುಕೊಂಡು ಚಿಕಿತ್ಸೆ ಮಾಡುವ ಸ್ಥಾನ, ಸಕಲ ಪ್ರಾಣಿಗಳಿಗೂ ಅಭಯವನ್ನೀಯುವ ಸ್ಥಾನ ಎಂಬ ವರ್ಣನೆಯೂ ಇದೆ. ನಡೆಯಲಾರದವನೂ ಹಾಡುವವನೂ ಒಂದೇ ಪಂಕ್ತಿಯಲ್ಲಿ ಉಂಡರು. ರೋಗಿಯು ಮಲಗಿದ್ದುದೂ ಅದೇ ಆವರಣದಲ್ಲಿ. ಹಾಡುವವನನ್ನು ರೋಗಿಯ ಬಳಿಗೆ ಕರೆಯುತ್ತಿದ್ದರೆಂದು ಶಾಸನವು ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಆದರೆ ಸಂಜೆಯ ಹಾಡು ಅವನ ಕಿವಿಗೆ ಬೀಳದಂತೆ ತಡೆಯುವ ಗೋಡೆಯು ಅಲ್ಲಿ ಇದ್ದಿರಬಹುದೆಂದು ಊಹಿಸುವುದೇ ಕಷ್ಟ.

ಮಠ ಮತ್ತು ಅರಮನೆಗಳನ್ನು ಬಿಟ್ಟು ಮನೆಯೊಳಕ್ಕೆ ಬಂದರೆ ಸಂಗೀತವೂ ಕೀಲುನೋವೂ ನಿತ್ಯವಾಗಿ ಸಂಧಿಸಿದ ಸ್ಥಳವು ಬೀಸುವ ಕಲ್ಲು. ಬ್ರಹ್ಮಗಿರಿಯಲ್ಲಿ ೧೯೪೦ರ ಸುಮಾರಿಗೆ ಎಂ. ಎಚ್. ಕೃಷ್ಣ ಅವರೂ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರೂ ನಡೆಸಿದ ಉತ್ಖನನಗಳು ಆ ನೆಲದಲ್ಲಿ ಅಶೋಕನಿಗಿಂತ ಬಹು ಹಿಂದೆ ನಯಗೊಳಿಸಿದ ಕಲ್ಕೊಡಲಿಯ ಜನರು ಬಾಳಿದ್ದುದನ್ನು ತೋರಿಸಿಕೊಟ್ಟಿವೆ. ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಧಾನ್ಯವನ್ನು ಅರೆಯುವ ಕಲ್ಲುಗಳು ಸಾಮಾನ್ಯ. ಸಿರಿಯಾ ದೇಶದ ಅಬು ಹುರೇರಾ ಎಂಬಲ್ಲಿಯ ಪ್ರಾಚೀನ ಅಸ್ಥಿಗಳನ್ನು ಪರೀಕ್ಷಿಸಿದ ಥೇಯಾ ಮಾಲ್ಲಸನ್ ಎಂಬ ವಿದುಷಿಯು, ಮಂಡಿಯೂರಿ ಧಾನ್ಯವನ್ನು ಅರೆದವರ ಕಾಲ್ಬೆರಳು, ಮಂಡಿ, ಸೊಂಟಗಳಲ್ಲಿ ಆ ದುಡಿಮೆಯ ವಿಕಾರಗಳನ್ನು ಗುರುತಿಸಿ ೧೯೯೪ರಲ್ಲಿ ಪ್ರಕಟಿಸಿದರು. ಹಿಟ್ಟಿಗೆ ತೆತ್ತ ಬೆಲೆಯು ಎಲುಬಿನ ಮೇಲೆ ಬರೆದುಹೋಗಿತ್ತು.

ಈ ದುಡಿಮೆಗೆ ಹೆಂಗಸರು ಕಂಡುಕೊಂಡ ಆಸರೆ ಹಾಡು. ಮಹಾರಾಷ್ಟ್ರದ ಸ್ತ್ರೀಯರು ಧಾನ್ಯವನ್ನು ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂದು ಮೇಲೆ ಹೇಳಿದ ಸೋಮೇಶ್ವರನೇ ಗೀತವಿನೋದದಲ್ಲಿ ದಾಖಲೆ ಮಾಡಿದ್ದಾನೆ. ಕುಟ್ಟುವವರ ಧ್ವನಿಗೆ ಕಿವಿಗೊಟ್ಟ ಚಕ್ರವರ್ತಿಗಳು ವಿರಳ. ಕನ್ನಡದಲ್ಲಿ ತ್ರಿಪದಿಯು ಬೀಸುವ ಕಲ್ಲಿನ ಸುತ್ತಿನೊಡನೆ ತಿರುಗಿದುದನ್ನು ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಎಲ್ಲರಿಗೂ ತಿಳಿಯಪಡಿಸಿತು. ಬ್ರಹ್ಮಗಿರಿಯ ನೆರೆಯ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯಲ್ಲಿದ್ದ, ಅಕ್ಷರವನ್ನರಿಯದ ಸಿರಿಯಜ್ಜಿಯವರು ಸಾವಿರಾರು ಪದಗಳನ್ನು ಕಂಠದಲ್ಲಿಟ್ಟುಕೊಂಡಿದ್ದುದನ್ನು ಕೃಷ್ಣಮೂರ್ತಿ ಹನೂರರು ಬರೆಹಕ್ಕೆ ಇಳಿಸಿದರು. ಈ ಪದಗಳಲ್ಲಿ ರಟ್ಟೆಯ ನೋವನ್ನು ಕಳೆಯುವೆನೆಂಬ ಪ್ರತಿಜ್ಞೆಯಿಲ್ಲ. ತವರಿನ, ಅಣ್ಣನ, ಕೂಸಿನ ಮಾತಿನಲ್ಲಿ ರಟ್ಟೆಯು ಮರೆತುಹೋಗುತ್ತದೆ, ಅಷ್ಟೆ. ಸುಶ್ರುತನ ವಿಕ್ಷೇಪವೆಂದರೆ ಇದೇ.

ಇಂದಿನ ಪರೀಕ್ಷೆಗಳು ಏನೆನ್ನುತ್ತವೆ? ರುತ್ ಮ್ಯಾಕ್‌ಕ್ಯಾಫ್ರಿ, ಎಡ್ನಾ ಫ್ರೀಮನ್ ಎಂಬುವರು ಅಮೇರಿಕದಲ್ಲಿ ಸವೆತದ ಸಂಧಿವಾತದಿಂದ ನರಳುವ ೬೬ ಮಂದಿ ವೃದ್ಧರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ೧೪ ದಿವಸ ದಿನಕ್ಕೆ ೨೦ ನಿಮಿಷ ಮೊಟ್ಸಾರ್ಟನ ಸಂಗೀತವನ್ನು ಕೇಳಿಸಿ, ಇನ್ನೊಂದನ್ನು ಅಷ್ಟೇ ಹೊತ್ತು ಸುಮ್ಮನೆ ಕುಳ್ಳಿರಿಸಿದರು. ಕೇಳಿದವರು ನೋವು ಕಡಿಮೆಯಾಯಿತೆಂದರೆಂದು ೨೦೦೩ರಲ್ಲಿ ಪ್ರಕಟವಾಯಿತು. ಅಳೆದುದು ರೋಗಿಗಳು ಹೇಳಿದ ನೋವನ್ನು, ಮೃದ್ವಸ್ಥಿಯ ಸವೆತವನ್ನಲ್ಲ. ೨೦೦೬ರಲ್ಲಿ ಸೀಡ್ಲೆಕಿ, ಗುಡ್ ಎಂಬುವರು ಬೆನ್ನು, ಕತ್ತು, ಕೀಲುಗಳ ಬಹುಕಾಲದ ನೋವುಳ್ಳ ೬೦ ಮಂದಿಯನ್ನು ಒಂದು ವಾರ ಪರೀಕ್ಷಿಸಿ, ದಿನಕ್ಕೊಂದು ಗಂಟೆ ಸಂಗೀತವನ್ನು ಕೇಳಿದವರ ನೋವು ಇಳಿದುದನ್ನು ಕಂಡರು. ನಮ್ಮ ಪಟ್ಟಿಕಾರರು ಓದಬೇಕಾದುದು ಇದರ ಇನ್ನೊಂದು ಭಾಗವನ್ನು: ತಮಗೆ ಬೇಕಾದುದನ್ನು ತಾವೇ ಆರಿಸಿಕೊಂಡವರಿಗೂ ಪರೀಕ್ಷಕರು ಕೊಟ್ಟುದನ್ನು ಕೇಳಿದವರಿಗೂ ಫಲದಲ್ಲಿ ಗಣನೀಯವಾದ ಭೇದ ಕಾಣಲಿಲ್ಲ. ನೋವಿನ ಸುದ್ದಿಯು ಬೆನ್ನುಹುರಿಯ ಬಾಗಿಲನ್ನು ದಾಟಿ ಮಿದುಳಿಗೆ ಹೋಗಬೇಕು, ಆ ಬಾಗಿಲನ್ನು ಮೇಲಿನಿಂದಲೂ ಓರೆಮಾಡಬಹುದು ಎಂದು ಮೆಲ್ಜ್ಯಾಕ್, ವಾಲ್ ಎಂಬುವರು ೧೯೬೫ರಲ್ಲಿ ಮಂಡಿಸಿದ ಸಿದ್ಧಾಂತವು ಈ ಫಲಕ್ಕೆ ಒಂದು ಕಾರಣವನ್ನು ಸೂಚಿಸುತ್ತದೆ.

ಆಮವಾತದಲ್ಲಿ ಈ ವಿವೇಕವು ಇನ್ನೂ ಅಗತ್ಯ. ಅಲ್ಲಿ ಶರೀರದ ರಕ್ಷಣಶಕ್ತಿಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಮೆಥೊಟ್ರೆಕ್ಸೇಟ್ ಮೊದಲಾದ ಔಷಧಗಳನ್ನು ಆದಿಯಲ್ಲಿಯೇ ಆರಂಭಿಸುವುದರಿಂದ ಎಲುಬಿನ ಸವೆತವನ್ನು ತಡೆಯಲು ಸಾಧ್ಯವಾಗಿದೆ. ಆ ಮೊದಲ ತಿಂಗಳುಗಳನ್ನು ರಾಗಶ್ರವಣದಲ್ಲಿಯೇ ಕಳೆದವನಿಗೆ ನೋವು ಸ್ವಲ್ಪ ಹಗುರವೆನಿಸಬಹುದು. ಬೆರಳು ಮಾತ್ರ ಸೊಟ್ಟಗಾಗುತ್ತಿರುವುದು.

ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು. ಅದರೊಡನೆ ಹಾಡೂ ಸೇರಿತು. ಮಂಡಿನೋವು ಮಾತ್ರ ಉಳಿದಿದೆ. ಆ ಪದಗಳನ್ನು ಬಲ್ಲ ವೃದ್ಧೆಯರು ಬ್ರಹ್ಮಗಿರಿಯ ಸುತ್ತಣ ಹಟ್ಟಿಗಳಲ್ಲಿ ಇನ್ನೂ ಸಿಕ್ಕಿಯಾರು. ಸಂಗ್ರಹಕ್ಕೆ ಹೊರಡುವ ಉಪಾಧ್ಯಾಯರು ಪದವನ್ನು ಬರೆದುಕೊಳ್ಳುವಾಗ, ಹಾಡುವುದಕ್ಕೆ ಮೊದಲು ಮಂಡಿ ಎಷ್ಟು ನೋಯುತ್ತಿತ್ತು, ಹಾಡಿದ ಮೇಲೆ ಎಷ್ಟು ಎಂಬುದನ್ನೂ ಕೇಳಿ ಪಕ್ಕದಲ್ಲಿ ಬರೆದುಕೊಂಡು ಬರಲಿ.